ಡಬ್ಬಿಯಲ್ಲಿ ಬಂದ ಬೇಳೆ

೧೯೯೩ರಲ್ಲಿ, ಏಳನೆಯ ಇಯತ್ತೆಯ ಪರೀಕ್ಷೆಗೆ ಮೂರು ವಾರ ಇರುವಾಗ ನಾನು ಸಾಲಿ ಬಿಟ್ಟೆ. ಯಾಕೆ ಬಿಟ್ಟೆ, ವಿಜಯಪುರದ ಕಡೆಯಿಂದ ಮುಂಬಯಿಗೆ ಹೇಗೆ ಬಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಂಥ ಕಥೆ ಈ ಊರಿನ ಪ್ರತಿ ಹೋಟೆಲಿನ ಹಿಂಬಾಗಿಲಲ್ಲೂ ಎರಡು ಮೂರು ಸಿಗುತ್ತವೆ. ನಾನು ಬರೆಯಬೇಕೆಂದಿರುವುದು ಪವಾಯಿಯ ಒಂದು ಅಡಿಗೆಮನೆಯಲ್ಲಿ ಕಳೆದ ಮೂರು ವಾರಗಳ ಮಾತು. ಆ ಮೂರೂ ವಾರ ನಾನು ಒಬ್ಬ ಹೆಂಗಸಿನ ಪೆನ್ಸಿಲು ಎತ್ತ ಹೋಗುತ್ತದೆ ಎಂದು ಕಾಯುತ್ತಲೇ ಕೆಲಸ ಮಾಡಿದೆ.

ಅದು ಅರಬ್ಬಿ ತಿನಿಸಿನ ಹೋಟೆಲು. ಕೂತು ತಿನ್ನುವವರಿಗೆ ಎಂಟೇ ಟೇಬಲ್ಲು. ಉಳಿದದ್ದೆಲ್ಲ ಡಬ್ಬದಲ್ಲಿ ಪ್ಯಾಕ್ ಆಗಿ ಸುತ್ತಲಿನ ಆಫೀಸುಗಳಿಗೆ, ಹಾಸ್ಟೆಲುಗಳಿಗೆ ಹೋಗುತ್ತಿತ್ತು. ಹೆಚ್ಚು ಹೋಗುತ್ತಿದ್ದದ್ದು ಫಲಾಫೆಲ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾಬೂಲಿ ಕಡಲೆಯನ್ನು ರಾತ್ರಿಯಿಡೀ ನೆನೆಸಿ, ಬೇಯಿಸದೆ ಹಸಿಯಾಗಿಯೇ ತರಿತರಿ ರುಬ್ಬಿ, ಸೊಪ್ಪು, ಜೀರಿಗೆ, ಬೆಳ್ಳುಳ್ಳಿ ಕಲಸಿ ಉಂಡೆ ಮಾಡಿ ಕರಿಯುವುದು. ಅರಬ್ಬರ ವಡೆ ಅಂದರೂ ನಡೆಯುತ್ತದೆ. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಒಂಬತ್ತು ವರ್ಷ ವಡೆ ಕರಿದವನಿಗೆ ಅದೇನು ದೊಡ್ಡ ವಿದ್ಯೆ ಆಗಿರಲಿಲ್ಲ. ದೊಡ್ಡದು ಬೇರೆ ಇತ್ತು. ಯಾವ ಕರಿದ ತಿಂಡಿಯಾದರೂ ಡಬ್ಬದ ಮುಚ್ಚಳ ಹಾಕಿದ ಹತ್ತು ನಿಮಿಷಕ್ಕೆ ತನ್ನ ಉಗಿಗೆ ತಾನೇ ಮೆತ್ತಗಾಗುತ್ತದೆ. ನನ್ನ ಫಲಾಫೆಲ್ ನಲವತ್ತು ನಿಮಿಷ ಗರಿಗರಿಯಾಗಿ ಇರುತ್ತಿತ್ತು. ಹನ್ನೆರಡು ವರ್ಷ ಆ ಹೋಟೆಲು ನಿಂತದ್ದು ಆ ನಲವತ್ತು ನಿಮಿಷದ ಮೇಲೆ, ನಾನು ಅಲ್ಲಿ ನಿಂತದ್ದೂ ಅದರ ಮೇಲೆಯೇ.

ನನಗೆ ವಡೆ ಕಲಿಸಿದ ಮಾಸ್ಟರು ಕುಂದಾಪುರದ ಕಡೆಯವರು. ಕೆಲಸ ಬಿಟ್ಟು ಊರಿಗೆ ಹೋಗುವ ದಿನ ನನ್ನನ್ನು ಹಿಂದೆ ಕರೆದು ಒಂದೇ ಮಾತು ಹೇಳಿದ್ದರು: “ಮಾಸ್ಟರ್ ಆದವನ ಒಂದು ಸಾಮಾನು ಸ್ಟೋರಿನ ಚೀಟಿಯಲ್ಲಿ ಇರ್ಬಾರ್ದು ಮಾರಾಯ. ಎಲ್ಲ ಧಣಿಯದ್ದು, ಅದೊಂದು ನಿನ್ನದು.” ಆ ಕಾಲದ ಹೋಟೆಲ್ ಮಾಸ್ಟರುಗಳಲ್ಲಿ ಇದು ನಡೆದುಬಂದ ಪದ್ಧತಿ. ಒಬ್ಬ ಮೆಂತ್ಯ ತರುತ್ತಿದ್ದ, ಇನ್ನೊಬ್ಬ ಹುಳಿನೀರು ತರುತ್ತಿದ್ದ. ಯಾರೂ ಯಾರದನ್ನೂ ಕೇಳುತ್ತಿರಲಿಲ್ಲ.

ನನ್ನದು ಕಡಲೆಬೇಳೆ. ಕಾಬೂಲಿ ಕಡಲೆಗೆ ನೀರು ಜಾಸ್ತಿ. ಅದರ ಎಂಟನೆಯ ಒಂದು ಪಾಲು ಕಡಲೆಬೇಳೆಯನ್ನು ಸರಿಯಾಗಿ ಒಂದೂವರೆ ತಾಸು ಮಾತ್ರ ನೆನೆಸಿ, ಬೇರೆ ರುಬ್ಬಿ, ಕಡೆಯಲ್ಲಿ ಕೈಯಿಂದ ಕಲಸಿದರೆ ಮೇಲಿನ ಪದರು ಗಟ್ಟಿ ಕೂಡುತ್ತದೆ, ಒಳಗಿನ ಉಗಿ ಅದನ್ನು ಮೆತ್ತಗೆ ಮಾಡಲಾರದು. ಸ್ಟೋರಿನಲ್ಲಿ ಕೇಳಿದರೆ ಗುಟ್ಟು ಹೋಯಿತು. ಅದಕ್ಕೇ ಮನೆಯಿಂದ ತರುತ್ತಿದ್ದೆ. ಡೊಂಬಿವಲಿಯ ಚಾಳಿನ ನಮ್ಮ ಖೋಲಿಯಿಂದ ಹೊರಡುವಾಗ ನಾಲ್ಕು ಕಟ್ಟಿನ ಡಬ್ಬಿಯ ಕೆಳಗಿನ ಮೂರರಲ್ಲಿ ಬೇಳೆ ಹಾಕಿ ನೀರು ತುಂಬುವುದು, ಮೇಲಿನದರಲ್ಲಿ ರೊಟ್ಟಿ, ಪಲ್ಯ. ಸ್ಟೇಷನ್ನಿಗೆ ನಡಿಗೆ, ಕಾಂಜೂರ್‌ಮಾರ್ಗ್‌ವರೆಗೆ ಲೋಕಲ್, ಅಲ್ಲಿಂದ ಬಸ್ಸು. ಬೇಳೆ ನೆನೆಯುವುದಕ್ಕೂ ನಾನು ತಲುಪುವುದಕ್ಕೂ ಸರಿಹೋಗುತ್ತಿತ್ತು. ಉಳಿದವರು ಚಹಾಕ್ಕೆ ಹೋದ ಹತ್ತು ನಿಮಿಷದಲ್ಲಿ ಅದನ್ನು ರುಬ್ಬಿ ಕಲಸಿಬಿಡುತ್ತಿದ್ದೆ. ಅಷ್ಟು ಜನರಿಗೆ ನನ್ನ ಬಗ್ಗೆ ಗೊತ್ತಿದ್ದದ್ದು ನಾನು ನಾಲ್ಕು ಡಬ್ಬಿ ಉಣ್ಣುವವನು ಎಂದು ಮಾತ್ರ.

ಅಂಥದರಲ್ಲಿ ಒಂದು ಸೋಮವಾರ ನಮ್ಮ ಹೋಟೆಲಿನ ಧಣಿ ಸೇಠ್ ಆ ಹೆಂಗಸನ್ನು ಕರೆದುಕೊಂಡು ಬಂದರು. ಐವತ್ತರ ಆಚೆಯ ವಯಸ್ಸು, ಗಿಡ್ಡ ಕೂದಲು, ಕೈಯಲ್ಲಿ ಚರ್ಮದ ಚೀಲ. ನಮ್ಮ ಮ್ಯಾನೇಜರ್ ಧಾರವಾಡದವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಾಳೆ. ಅವಳು ನನ್ನ ಹತ್ತಿರ ಬಂದು ಹೇಳಿದಳು: “ಕಾಕಾ, ಇವರು ಪ್ಯಾಲೆಸ್ತೀನ್‌ದವರು. ಬಡೀ ಶೆಫ್. ಅಡಿಗಿ ಮ್ಯಾಲೆ ಎರಡು ಬುಕ್ ಬರದಾರ. ಮೂರನೇದ್ದು ಬರೀಲಿಕ್ಕೆ ನಮ್ಮ ಕಿಚನ್ ಬೇಕಂತ. ಮೂರು ವಾರ ಇರ್ತಾರ.”

“ಬರೀಲಿಕ್ಕೆ ಕಿಚನ್ ಯಾಕ? ಟೇಬಲ್ ಸಾಕಲ್ಲ.”

“ಮತ್ಲಬ್... ಅಂದ್ರ, ಮಾಡಿ ನೋಡಿ ಬರೀತಾರ.”

“ಮತ್ತ ಸೇಠ್‌ಗೇನು ಲಾಭ?”

ಅವಳು ಬಿಲ್ಲಿನ ಪುಸ್ತಕ ಎತ್ತಿಕೊಂಡು ಕೌಂಟರಿನ ಕಡೆಗೆ ನಡೆದಳು. ನನ್ನ ಸಂಶಯ ಅಲ್ಲಿಂದ ಸುರುವಾಯಿತು. ಸೇಠ್ ಬಿಟ್ಟಿ ನೀರು ಕೊಡುವ ಮನುಷ್ಯನಲ್ಲ.

ಮೊದಲ ದಿನ ಆ ಮೇಡಂ ತಾವೇ ಫಲಾಫೆಲ್ ಮಾಡಿದರು. ನೋಡಿದರೆ ತಿಳಿಯುತ್ತದೆ, ಕೈ ಪಳಗಿದ ಹೆಂಗಸು. ಕಡಲೆ ಸೋಸಿ ಬಟ್ಟೆಯ ಮೇಲೆ ಒಂದು ತಾಸು ಹರವಿದರು, ರುಬ್ಬುವಾಗ ಒಂದು ಹನಿ ನೀರು ಹಾಕಲಿಲ್ಲ, ಸೋಡಾ ಎಣ್ಣೆಗೆ ಬಿಡುವ ಮೊದಲಷ್ಟೇ ಹಾಕಿದರು. ಎಣ್ಣೆಯಿಂದ ತೆಗೆದ ಕ್ಷಣಕ್ಕೆ ಅವರದು ನನ್ನದಕ್ಕಿಂತ ಒಂದು ಕೈ ಮೇಲೇ ಇತ್ತು. ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರದು ನಾಲ್ಕು, ನನ್ನದು ನಾಲ್ಕು ಬೇರೆ ಬೇರೆ ಡಬ್ಬದಲ್ಲಿ ಹಾಕಿ ಮುಚ್ಚಳ ಮುಚ್ಚಿ ಗಡಿಯಾರ ನೋಡುತ್ತ ಕೂತರು. ನಲವತ್ತು ನಿಮಿಷಕ್ಕೆ ತೆಗೆದು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಮುರಿದರು. ಅವರದು ಸದ್ದಿಲ್ಲದೆ ಮುರಿಯಿತು. ನನ್ನದು ಕಟ್ ಎಂದಿತು. ಅವರು ಪುಸ್ತಕದಲ್ಲಿ ಬರೆದುಕೊಂಡರು. ಬಲದಿಂದ ಎಡಕ್ಕೆ ಹೋಗುವ ಅಕ್ಷರ.

ಹೊಗಳಿದ್ದರೆ ನಂಬುತ್ತಿದ್ದೆ, ಬೈದಿದ್ದರೂ ನಂಬುತ್ತಿದ್ದೆ. ಏನೂ ಹೇಳದೆ ಬರೆದುಕೊಂಡ ಮನುಷ್ಯರನ್ನು ಹೇಗೆ ನಂಬುವುದು?

ಮರುದಿನದಿಂದ ಅವರು ನನಗಿಂತ ಮೊದಲೇ ಬಂದಿರುತ್ತಿದ್ದರು, ಚಹಾದ ಹತ್ತು ನಿಮಿಷ ಮಾತ್ರ ಉಳಿದವರ ಜೊತೆ ಹೊರಗೆ ಹೋಗುತ್ತಿದ್ದರು. ನಾನು ಉಪ್ಪಿಗೆ ಕೈ ಹಾಕಿದರೆ ಕೈಕೆಳಗೆ ತಕ್ಕಡಿಯ ತಟ್ಟೆ ಹಿಡಿಯುವರು, ನನ್ನ ಮುಷ್ಟಿಯನ್ನು ಗ್ರಾಂ ಮಾಡಿ ಬರೆದುಕೊಳ್ಳುವರು. ಗುರುವಾರ ಜೀರಿಗೆಯ ಡಬ್ಬ ತಿರುವಿ ನೋಡಿದಾಗ ತಳದಲ್ಲಿ ಪೆನ್ಸಿಲಿನಿಂದ ಬರೆದ ಎರಡು ಅಂಕಿ. ಧನಿಯಾ, ಎಳ್ಳು, ಮೆಣಸು, ಎಲ್ಲ ಡಬ್ಬಗಳ ತಳದಲ್ಲೂ ಅಂಕಿ. ನಾನು ಕೆಲಸ ಸುರು ಮಾಡುವ ಮೊದಲು ಒಂದು ಸಲ, ಮುಗಿಸಿ ಹೋದ ಮೇಲೆ ಒಂದು ಸಲ ತೂಗುತ್ತಿದ್ದರು. ಎರಡರ ನಡುವೆ ಕಡಿಮೆ ಆದದ್ದೇ ನನ್ನ ಕೈ. ಮೂವತ್ತು ವರ್ಷದ ಅಂದಾಜನ್ನು ಒಂದು ವಾರದಲ್ಲಿ ಅಂಕಿಗೆ ಇಳಿಸುವ ಉಪಾಯ. ಬುದ್ಧಿವಂತಿಕೆ ಎನಿಸಿತು. ಮೈ ಉರಿಯಿತು.

ಆ ದಿನ ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿದೆ.

“ನಿಮಗ ಹಾಲಿನಂವನ ಮ್ಯಾಲೂ ಸಂಶೇ, ಟಿಸಿ ಮ್ಯಾಲೂ ಸಂಶೇ,” ಎಂದಳು. “ಆಕಿ ಅಷ್ಟು ದೂರದಿಂದ ಬಂದದ್ದು ನಿಮ್ಮ ಜೀರಿಗಿ ಕದಿಯಾಕೇನು?”

“ಜೀರಿಗಿ ಅಲ್ಲ. ಕೈ.”

“ಬೇಳಿ ತೂಗ್ಯಾಳೇನು?”

“ಬೇಳಿ ಆಕಿಗೆ ಸಿಕ್ಕಿಲ್ಲ.”

“ಹಂಗಾರ ಉಣ್ಣ್ರಿ. ರೊಟ್ಟಿ ಆರಾಕತ್ತಾವ.”

ಅವಳ ಮಾತಿನಿಂದ ಸಮಾಧಾನ ಆಗಲಿಲ್ಲ. ಮರುದಿನ ಡಬ್ಬಿಯ ಕೊಂಡಿಯಲ್ಲಿ ಒಂದು ಎಳೆ ಬಿಳಿ ದಾರ ಸಿಕ್ಕಿಸಿದೆ, ಯಾರಾದರೂ ಬಿಚ್ಚಿದರೆ ಬೀಳುವ ಹಾಗೆ. ಅವರು ತೂಗುತ್ತಾರೆಂದು ಮಸಾಲೆಯ ಡಬ್ಬಗಳಿಂದ ಬೇಕೆಂತಲೇ ಒಂದೊಂದು ಚಮಚ ಹೆಚ್ಚು ತೆಗೆದು ಮೋರಿಗೆ ಚೆಲ್ಲಿದೆ. ಲೆಕ್ಕ ತಪ್ಪಲಿ ಎಂದು. ಅನ್ನದ ಕೆಲಸ ಮಾಡುವವನು ಸಾಮಾನು ಚೆಲ್ಲಬಾರದು, ಆದರೂ ಚೆಲ್ಲಿದೆ. ನಾಲ್ಕು ದಿನ ಹಾಗೆ ನಡೆಯಿತು. ನಾಲ್ಕೂ ದಿನ ದಾರ ಇದ್ದಲ್ಲೇ ಇತ್ತು.

ಎರಡನೆಯ ವಾರದ ನಡುವೆ ಒಂದು ದಿನ ಠಾಣೆಯ ಹತ್ತಿರ ಸಿಗ್ನಲ್ ಕೆಟ್ಟು ಲೋಕಲ್ ಮುಕ್ಕಾಲು ತಾಸು ನಿಂತಿತು. ಜನರ ಮಧ್ಯೆ ಡಬ್ಬಿಯನ್ನು ತಲೆಯ ಮೇಲೆ ಹಿಡಿದು ನಿಂತಿದ್ದೆ. ನೀರು ಸೋರಿ ಮುಂದಿನವನ ಹೆಗಲಿಗೆ ಬಿದ್ದು ಅವನ ಬೈಗುಳ ಬೇರೆ. ಬೇಳೆ ಎರಡೂಕಾಲು ತಾಸು ನೆನೆದುಹೋಯಿತು. ಅಷ್ಟು ನೆನೆದರೆ ಅದೂ ಕಾಬೂಲಿಯ ಹಾಗೆ ನೀರು ಕುಡಿದು ಕೂಡುತ್ತದೆ. ಬೇರೆ ಬೇಳೆಯನ್ನು ಸ್ಟೋರಿನಲ್ಲಿ ಕೇಳುವ ಹಾಗಿಲ್ಲ, ಹನ್ನೊಂದಕ್ಕೆ ಮೊದಲ ಆರ್ಡರು. ಬಟ್ಟೆಯಲ್ಲಿ ಹಿಂಡಿದೆ, ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಹೆಚ್ಚಿಗೆ ಇಟ್ಟೆ, ಎಣ್ಣೆ ಸ್ವಲ್ಪ ಬಿಸಿ ಮಾಡಿದೆ. ಬಣ್ಣ ಬಂತು, ಗಟ್ಟಿತನ ಬರಲಿಲ್ಲ. ಮೇಡಂ ಡಬ್ಬದಲ್ಲಿ ಇಟ್ಟದ್ದು ಕಾಲು ತಾಸಿಗೆ ಮೆತ್ತಗಾಯಿತು. ಅವರು ಗಡಿಯಾರ ನೋಡಿ, ನನ್ನನ್ನು ನೋಡಿ, ಬರೆದುಕೊಂಡರು.

ಪುಸ್ತಕ ಅವತ್ತು ಟೇಬಲ್ಲಿನ ಮೇಲೆ ತೆರೆದೇ ಬಿದ್ದಿತ್ತು. ಅವರ ಅಕ್ಷರ ನನಗೆ ಬರುವುದಿಲ್ಲ, ಅಂಕಿ ಇಂಗ್ಲಿಷಿನವೇ. ಒಂದು ಸಾಲಿನಲ್ಲಿ ೭-೩೨, ೭-೩೫, ೭-೩೦, ಕಡೆಯಲ್ಲಿ ೮-೨೧. ನಾನು ಹಿಂಬಾಗಿಲಿನಿಂದ ಒಳಗೆ ಕಾಲಿಟ್ಟ ಹೊತ್ತು! ಮಸಾಲೆ ತೂಗುವುದು ಒಂದು ಮಾತು. ನಾನು ತಡವಾಗಿ ಬಂದದ್ದನ್ನು ಸೇಠ್‌ಗೆ ಒಪ್ಪಿಸುವುದು ಇನ್ನೊಂದು. ಮ್ಯಾನೇಜರನ್ನು ಕೂಗಿದೆ.

“ತಂಗೀ, ಇಲ್ಲಿ ಬಾ. ನಾ ಎಷ್ಟೊತ್ತಿಗೆ ಬರ್ತೀನಿ ಅಂತ ಬರಕೊಳ್ಳಾಕ ಸೇಠ್ ಇವರಿಗೆ ಪಗಾರ ಕೊಡ್ತಾರೇನು, ಕೇಳು.”

“ಕಾಕಾ, ಹಂಗ ಡೈರೆಕ್ಟ್ ಹೆಂಗ ಕೇಳ್ಲಿ?”

“ಡೈರೆಕ್ಟ್ ಕೇಳು. ನಿನ್ನ ಇಂಗ್ಲಿಷಿಗೆ ಸಕ್ಕರಿ ಹಾಕಬ್ಯಾಡ.”

ಅವಳು ಕೇಳಿದಳು. ಮೇಡಂ ಸಿಟ್ಟಾಗಲಿಲ್ಲ. ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ ಎರಡು ಸಾಲಿನ ಮೇಲೆ ಬೆರಳಿಟ್ಟರು. ಒಂದರಲ್ಲಿ ನಾನು ಬಂದ ಹೊತ್ತು, ಪಕ್ಕದಲ್ಲಿ ಆ ದಿನದ ಫಲಾಫೆಲ್ ಎಷ್ಟು ನಿಮಿಷ ಗರಿಗರಿಯಾಗಿತ್ತು ಎಂಬುದು. ೭-೩೨ಕ್ಕೆ ನಲವತ್ತು. ೮-೨೧ಕ್ಕೆ ಹದಿನೈದು. ಆಮೇಲೆ ನಿಧಾನವಾಗಿ ಮಾತಾಡಿದರು, ಮ್ಯಾನೇಜರ್ ತಡವರಿಸುತ್ತ ಹೇಳಿದಳು:

“ಇಲ್ಲಿ ಬಂದ ಮ್ಯಾಲೆ ನೀವು ಮಾಡೋದು ಎಲ್ಲಾ ಸೇಮ್ ಅದ ಅಂತ. ಮುಷ್ಟಿ ಸೇಮ್, ರುಬ್ಬೋದು ಸೇಮ್. ಲೇಟ್ ಆದ ದಿನಾ ಮಾತ್ರ ಕೆಡತದ. ಮತ್ಲಬ್, ನಿಮ್ಮ ಜೋಡಿ ಟ್ರೇನ್‌ನಾಗ ಏನೋ ಬರತದ, ಅದು ಲೇಟ್ ಆಗತದ.” ನಂತರ ಬಾಯಿಗೆ ಕೈ ಅಡ್ಡ ಹಿಡಿದಳು. “ನಾಲ್ಕು ಡಬ್ಬಿ ಉಣ್ಣೋರ ಹೊಟ್ಟಿ ಹಿಂಗ ಇರೂದಿಲ್ಲ ಅಂತಾರ, ಕಾಕಾ.”

ಶೆಲ್ಫಿನ ಮೇಲಿನ ಡಬ್ಬಿಯ ಕಡೆಗೆ ನೋಡಬಾರದೆಂದರೂ ಕಣ್ಣು ಹೋಯಿತು. ಮೇಡಂ ತಲೆಯಾಡಿಸಿದರು. ತೆರೆದಿಲ್ಲ, ತೆರೆಯುವುದೂ ಇಲ್ಲ ಎಂದರು. ತೆರೆದಿಲ್ಲ ಎಂಬುದು ನನಗೆ ದಾರದಿಂದ ಗೊತ್ತಿತ್ತು.

ಅದೇ ಮಧ್ಯಾಹ್ನ, ಆರ್ಡರಿನ ಗದ್ದಲ ಇಳಿದ ಮೇಲೆ, ಮ್ಯಾನೇಜರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವರು ತಮ್ಮ ಮಾತು ಹೇಳಿದರು. ಹುಟ್ಟಿದ್ದು ನಾಬ್ಲುಸ್ ಎಂಬ ಊರಿನಲ್ಲಿ. ಅಡಿಗೆ ಕಲಿತದ್ದು ಅಜ್ಜಿಯಿಂದ. ಆ ಅಜ್ಜಿ ತನ್ನ ಹಳ್ಳಿಯನ್ನು ಬಿಟ್ಟು ಬಂದವಳು, ತಿರುಗಿ ಹೋಗಲಾರದವಳು. ಓದಲು ವಿಲಾಯತಿಗೆ ಹೋಗಿ, ಖರ್ಚಿಗೆಂದು ಹೋಟೆಲಿನ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆದು, ಹಾಗೇ ಒಲೆಯ ಮುಂದೆ ಬಂದದ್ದು. ಅಲ್ಲಿಯ ದೊಡ್ಡ ಶೆಫ್ ಒಮ್ಮೆ ಅಜ್ಜಿಯ ಒಂದು ಅಡಿಗೆ ಕೇಳಿದನಂತೆ. ಇವರು ಹಿಗ್ಗಿನಿಂದ ಎಲ್ಲ ಹೇಳಿಕೊಟ್ಟರು. ಮರುವಾರ ಅದು ಹೋಟೆಲಿನ ಪಟ್ಟಿಯಲ್ಲಿ ಬಂತು. ಬೇರೆ ಹೆಸರು, ಬೇರೆ ದೇಶ. ಕೇಳಿದ್ದಕ್ಕೆ, ಅಡಿಗೆಗೆ ಒಡೆಯರು ಯಾರು ಎಂದನಂತೆ. ಆ ಮೇಲೆಯೇ ಇವರು ಪುಸ್ತಕ ಬರೆಯಲು ಕೂತದ್ದು. ಊರೂರು ತಿರುಗಿ ಮುದುಕಿಯರ ಪಕ್ಕ ಕೂತು, ಅವರ ಮುಷ್ಟಿಯ ಕೆಳಗೆ ತಕ್ಕಡಿ ಹಿಡಿದು, ಒಂದೊಂದು ಅಡಿಗೆಯ ತಲೆಯ ಮೇಲೂ ಅದನ್ನು ಕೊಟ್ಟವಳ ಹೆಸರು. ಮೂರನೆಯ ಪುಸ್ತಕ ತಮ್ಮ ನಾಡಿನ ಅಡಿಗೆ ಹೊರಗಿನವರ ಕೈಗೆ ಹೋಗಿ ಏನಾಯಿತು ಎಂಬುದರ ಮೇಲೆ. “ಮುದುಕಿಯರೂ ಒಂದು ಸಾಮಾನು ಮುಚ್ಚಿಟ್ಟೇ ಹೇಳ್ತಾರಂತ ಕಾಕಾ,” ಎಂದಳು ಮ್ಯಾನೇಜರ್. “ಅದಕ್ಕ ಇವರು ತೂಗೋದು ಕಲತದ್ದು.”

ಕೇಳುತ್ತ ಕೂತೆ. ಮನಸ್ಸು ಕರಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಒಳಗೆ ಇನ್ನೊಂದು ದನಿ ಹೇಳುತ್ತಿತ್ತು: ಬಾಯಿ ಬಿಡಿಸುವವರು ಮೊದಲು ತಮ್ಮ ದುಃಖ ಹೇಳುತ್ತಾರೆ. ಎದ್ದು ಕಡಾಯಿ ತೊಳೆಯಲು ಹೋದೆ.

ಮ್ಯಾನೇಜರ್ ಹಿಂದೆಯೇ ಬಂದಳು. ನಲ್ಲಿಯನ್ನು ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಹೇಳಿದಳು: “ಕಾಕಾ, ನಾ ಹೇಳಿದೆ ಅಂತ ಎಲ್ಲೂ ಹೇಳಬ್ಯಾಡ್ರಿ. ಸೇಠ್ ಭಿವಂಡಿ ಕಡೆ ದೊಡ್ಡ ಕಿಚನ್ ಮಾಡ್ತಾರ. ಎಲ್ಲಾ ಐಟಂದ್ದು ಕಾರ್ಡ್ ಬೇಕು, ಯಾವದು ಎಷ್ಟು ಗ್ರಾಂ, ಹೆಂಗ ಮಾಡೋದು ಅಂತ ಬರದದ್ದು. ಮೇಡಂಗೆ ಇಲ್ಲಿ ಜಗಾ ಕೊಟ್ಟದ್ದು ಆ ಕಾರ್ಡ್ ಬರದು ಕೊಡಲಿ ಅಂತ. ಕಾರ್ಡ್ ಆದ್ರ, ಉಸ್ತಾದ್, ಅಂದ್ರ ನೀವು, ಇದ್ರೇನು ಬಿಟ್ರೇನು ಅಂದ್ರು.”

“ಯಾವಾಗ ಅಂದ್ರು?”

“ಹೋದ ತಿಂಗಳು.”

“ಮತ್ತ ಈಗ ಹೇಳಾಕತ್ತಿ?”

“ನನಗೂ ನೌಕರಿ ಬೇಕಲ್ಲ ಕಾಕಾ.”

ಅವಳನ್ನು ಬೈಯುವ ಮನಸ್ಸಾಗಲಿಲ್ಲ. ಸೇಠ್‌ನ ಮೇಲಿನ ನನ್ನ ಅನುಮಾನ ಖರೆ ಆಗಿತ್ತು. ಇನ್ನು ಮೇಡಂ ಯಾವ ಕಡೆ ಎಂಬುದೊಂದೇ ತಿಳಿಯಬೇಕಿತ್ತು. ಅವತ್ತು ಲೋಕಲಿನಲ್ಲಿ ನಿಂತೇ ಯೋಚಿಸಿದೆ. ಬೇಳೆಯನ್ನು ಮುಚ್ಚಿಟ್ಟರೆ ಸೇಠ್ ಎರಡು ತಿಂಗಳೋ ಮೂರು ತಿಂಗಳೋ ತಡೆಯಬಹುದು, ಆಮೇಲೆ ಮೆತ್ತಗಿನದನ್ನೇ ಮಾರುತ್ತಾನೆ. ಹೇಳಿದರೆ ನಾಳೆಯೇ ಕಾರ್ಡಿಗೆ ಹೋಗುತ್ತದೆ. ಎರಡರಲ್ಲೂ ನಾನಿಲ್ಲ. ನನ್ನ ಹೆಸರಿನ ಜೊತೆ ಪುಸ್ತಕಕ್ಕೆ ಹೋಗುವುದು ಮಾತ್ರ ಮೂರನೆಯ ದಾರಿ. ಆದರೆ ಅದು ಆ ಹೆಂಗಸಿನ ಮಾತಿನ ಮೇಲೆ ನಿಂತದ್ದು.

ಮರುದಿನ ಬೆಳಿಗ್ಗೆ ಚೀಲ ಇಳಿಸಿದ ಕೂಡಲೆ ಹೇಳಿದೆ: “ತಂಗೀ, ಹೇಳು ಇವರಿಗೆ. ನಮ್ಮ ಕಡೆ ಮಾಸ್ಟರುಗಳದ್ದು ವಿದ್ಯೆಗೆ ವಿದ್ಯೆ. ಎರಡು ಪುಸ್ತಕ ಬರದೀರಿ. ಅದರಾಗ ಬರೀದೇ ಬಿಟ್ಟದ್ದು ಒಂದು ಇದ್ದೇ ಇರತೈತಿ. ಅದನ್ನ ಮೊದಲ ನನಗ ತೋರಸ್ರಿ. ಆಮ್ಯಾಲ ಡಬ್ಬಿ ತೆಗೀತೀನಿ.”

ಮೇಡಂ ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಒರೆಸಿದ್ದ ಟೇಬಲ್ಲನ್ನೇ ಮತ್ತೆ ಒರೆಸಿದರು. ಬಟ್ಟೆ ಮಡಿಸಿಟ್ಟು ಎರಡು ಮಾತು ಆಡಿದರು.

“ಒಂದು ಅದ ಅಂತ, ಕಾಕಾ,” ಎಂದಳು ಮ್ಯಾನೇಜರ್. “ಅಜ್ಜೀದು. ತಮ್ಮ ಮಗಳಿಗೂ ಇವರು ಹೇಳಿಲ್ಲಂತ. ಎಲ್ಲಾರೂ ಹೊರಗ ಹೋಗಬೇಕಂತ.”

“ನೀನೂ ಹೋಗು.”

“ನಾನೂ? ಮತ್ತ ನಿಮ್ಮಿಬ್ಬರ ಮಾತು ಯಾರು ಹೇಳ್ತಾರ?”

“ಕೈ ಹೇಳ್ತಾವ.”

ಅವರು ಮಾಡಿದ್ದು ಮುಸಖ್ಖನ್. ಕೋಳಿ, ರಾಶಿ ಉಳ್ಳಾಗಡ್ಡಿ, ಆಲಿವ್ ಎಣ್ಣೆ, ಸುಮಾಕ್ ಎಂಬ ಕೆಂಪು ಹುಳಿಪುಡಿ, ಕೆಳಗೆ ದಪ್ಪ ರೊಟ್ಟಿ. ಉಳ್ಳಾಗಡ್ಡಿಯನ್ನು ಕೆಂಪಾಗಲು ಬಿಡದೆ ಮುಕ್ಕಾಲು ತಾಸು ಸಣ್ಣ ಉರಿಯಲ್ಲಿ ಬಾಡಿಸಿದರು. ಇಷ್ಟು ಅವರ ಪುಸ್ತಕದಲ್ಲೇ ಇದೆ. ರೊಟ್ಟಿಯನ್ನು ತಳಕ್ಕೆ ಹಾಕುವ ಮೊದಲು ಒಂದು ಕೆಲಸ ಮಾಡಿದರು. ಅದು ಯಾವ ಪುಸ್ತಕದಲ್ಲೂ ಇಲ್ಲ, ಇಲ್ಲಿಯೂ ಬರೆಯುವುದಿಲ್ಲ. ಮುಗಿಸಿ “ಖಲಾಸ್” ಎಂದರು. ಆ ಶಬ್ದ ಅವರ ನಾಡಿನಲ್ಲೂ ಇದೆ, ಮುಂಬಯಿಯಲ್ಲೂ ಇದೆ. ಅದಕ್ಕೆ ಮ್ಯಾನೇಜರ್ ಬೇಕಾಗಲಿಲ್ಲ. ಒಂದು ತುಣುಕು ತಿಂದೆ. ರೊಟ್ಟಿಯ ಊರಿನವನು ನಾನು. ರೊಟ್ಟಿ ರಸ ಕುಡಿದೂ ಹಿಟ್ಟಾಗದೆ ಉಳಿಯುವುದು ಸಣ್ಣ ಮಾತಲ್ಲ ಎಂದು ಗೊತ್ತು.

ನಾನು ಡಬ್ಬಿಯ ದಾರ ತೆಗೆದೆ. ಮೂರೂ ಕಟ್ಟು ಬಿಚ್ಚಿ ಬೇಳೆಯನ್ನು ಅವರ ಮುಂದಿಟ್ಟೆ. ಅವರು ಒಂದು ಕಾಳು ಹಲ್ಲಿನಲ್ಲಿ ಮುರಿದು ನೋಡಿ, ನನ್ನ ಮುಖ ನೋಡಿ, ತಮ್ಮ ಹಣೆಗೆ ತಾವೇ ಹೊಡೆದುಕೊಂಡರು. ಮ್ಯಾನೇಜರನ್ನು ಒಳಗೆ ಕರೆದು ನನ್ನ ಕರಾರು ಹೇಳಿದೆ: ಬೇಳೆ ಕಾರ್ಡಿಗೆ ಹೋಗಬಾರದು. ಪುಸ್ತಕಕ್ಕೆ ಹೋಗಲಿ, ನನ್ನ ಹೆಸರಿನ ಕೆಳಗೆ. ಗ್ರಾಂಟ್ ರೋಡಿನ ನನ್ನ ಮಾಸ್ಟರರ ಹೆಸರೂ ಅಲ್ಲಿ ಇರಬೇಕು. ಅವರು ಒಪ್ಪಿ, ಎರಡೂ ಹೆಸರನ್ನು ಕನ್ನಡದಲ್ಲಿ ನೀವೇ ಬರೆದುಕೊಡಿ ಎಂದು ಪುಸ್ತಕ ಚಾಚಿದರು. ನನ್ನ ಕೈಬರಹ ಏಳನೆಯ ಇಯತ್ತೆಯದೇ, ಆದರೆ ದುಂಡಗಿದೆ.

ಕಡೆಯ ಶನಿವಾರ ಸೇಠ್‌ನ ಮುಂದೆ ಕಾರ್ಡುಗಳ ಪರೀಕ್ಷೆ. ಕಡಲೆ, ಎಳ್ಳು ರುಬ್ಬಿದ ಚಟ್ನಿಯಂಥ ಹಮ್ಮಸ್ ಆಯಿತು, ಉಳಿದದ್ದು ಆಯಿತು. ಫಲಾಫೆಲ್ ಕಾರ್ಡಿನಲ್ಲಿ ಇದ್ದದ್ದು ಮೇಡಂ ಅವರ ಮನೆಯ ರೀತಿ. ಡಬ್ಬದಲ್ಲಿ ಇಟ್ಟು ನಲವತ್ತು ನಿಮಿಷಕ್ಕೆ ತೆಗೆದರೆ ಮೆತ್ತಗೆ. ಉಸ್ತಾದನದ್ದು ಎಲ್ಲಿ ಎಂದು ಸೇಠ್ ಕೇಳಿದರು. ಅದು ಅವರದು, ಅವರನ್ನೇ ಕೇಳಿ ಎಂದರು ಮೇಡಂ.

ಸೇಠ್ ನನ್ನ ಹೆಗಲ ಮೇಲೆ ಕೈ ಹಾಕಿದರು, ಹನ್ನೆರಡು ವರ್ಷದಲ್ಲಿ ಮೊದಲ ಸಲ. “ಉಸ್ತಾದ್, ಅಪನೇ ಘರ್ ಕೀ ಬಾತ್ ಹೈ. ಕ್ಯಾ ಡಾಲ್ತೇ ಹೋ?” ಮನೆಯವರೇ ಅಲ್ಲವೇ, ಏನು ಹಾಕುತ್ತೀ ಎಂದು.

“ಕಿತಾಬ್ ಮೇಂ ಆಯೇಗಾ ಸೇಠ್,” ಎಂದೆ. “ಪಢ್ ಲೇನಾ.” ಪುಸ್ತಕದಲ್ಲಿ ಬರುತ್ತದೆ, ಓದಿಕೊಳ್ಳಿ ಎಂದು.

ಕೈ ಹೆಗಲಿನಿಂದ ಇಳಿಯಿತು. ಎರಡು ತಿಂಗಳಿಗೆ ನನ್ನನ್ನೂ ಕೆಲಸದಿಂದ ಇಳಿಸಿದರು. ಆಮೇಲಿನ ಒಂದು ವರ್ಷ ಒಂದೇ ಕಡೆ ನಿಲ್ಲಲಿಲ್ಲ. ಮದುವೆ ಅಡಿಗೆ, ಕ್ಯಾಂಟೀನು, ಸಿಕ್ಕದ್ದು. ಆ ವರ್ಷವಿಡೀ ಅನುಮಾನ ಕಾಡಿತು: ಪುಸ್ತಕ ಬರುವುದೋ, ಬಂದರೆ ಹೆಸರು ಇರುವುದೋ, ಇದ್ದರೂ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವುದೋ. ಪುಸ್ತಕ ಬಂತು. ನಾಲ್ಕನೆಯ ಅಧ್ಯಾಯದ ಮೊದಲ ಪುಟದಲ್ಲಿ ಎರಡು ಹೆಸರು, ನನ್ನ ಕೈಬರಹದಲ್ಲೇ. ಕೆಳಗೆ ಬೇಳೆಯ ತೂಕ, ನೆನೆಸುವ ಹೊತ್ತು, ಎಲ್ಲ ಬಿಚ್ಚಿ ಬರೆದಿದೆ ಎಂದು ಮ್ಯಾನೇಜರ್ ಫೋನಿನಲ್ಲಿ ಓದಿ ಹೇಳಿದಳು. ಸೇಠ್ ಒಂದು ಪ್ರತಿ ತರಿಸಿಕೊಂಡಿದ್ದಾರೆ ಎಂದೂ ಹೇಳಿದಳು. ತರಿಸಲಿ. ಈಗ ಅವರು ಬೇಳೆ ಹಾಕಿದರೆ, ಯಾರದೆಂದು ಗೊತ್ತಿದ್ದೇ ಹಾಕಬೇಕು.

ಮೇಡಂ ನನಗೆ ತೋರಿಸಿದ್ದು ನಿಜವಾಗಿ ಅಜ್ಜಿಯ ಗುಟ್ಟೋ, ಆ ಬೆಳಿಗ್ಗೆ ನನ್ನ ಬಾಯಿ ಬಿಡಿಸಲು ಹೊಳೆದದ್ದೋ ಎಂಬ ಸಂಶಯ ಇವತ್ತಿಗೂ ಪೂರ್ತಿ ಹೋಗಿಲ್ಲ. ರೊಟ್ಟಿ ಮಾತ್ರ ಪ್ರತಿ ಸಲ ಸರಿಯಾಗಿ ಬರುತ್ತದೆ.

ಈಗ ನನಗೆ ಇರುವುದು ಇಷ್ಟು. ವಿಲೆ ಪಾರ್ಲೆಯಲ್ಲಿ ಅರ್ಧ ಅಂಗಡಿ: ಬೆಳಗಿನ ಹೊತ್ತು ಇಡ್ಲಿಯವರದು, ಸಂಜೆ ನಾಲ್ಕರಿಂದ ಹತ್ತು ನನ್ನದು. ಒಂದು ಗ್ರೈಂಡರ್, ಎರಡು ಕಡಾಯಿ, ಇಬ್ಬರು ಕೆಲಸಗಾರರು. ಪಟ್ಟಿಯಲ್ಲಿ ಐದು ತಿನಿಸು. ಶುಕ್ರವಾರ ಮಾತ್ರ ಆರು. ಆರನೆಯದು ಮುಸಖ್ಖನ್, ಅದನ್ನು ನಾನೊಬ್ಬನೇ ಮಾಡುತ್ತೇನೆ.